ಹನ್ನೆರಡರಲ್ಲಿ ಬಿಟ್ಟ ಒಂದು ಮನೆ

ಕುಮಟಾ
8 ಡಿಸೆಂಬರ್ 2024, ರವಿವಾರ

ಅಮ್ಮನಿಗೆ,

ಪತ್ರ ಬಂತೆಂದು ಗಾಬರಿಯಾಗಬೇಡ. ನನಗೆ ಜ್ವರ ಬಂದಿಲ್ಲ, ನರ್ಸಿಂಗ್ ಕಾಲೇಜಿನವರು ಹೊರಗೂ ಹಾಕಿಲ್ಲ. ನಮ್ಮೆಲ್ಲರ ಮೊಬೈಲು ಹಾಸ್ಟೆಲ್ ವಾರ್ಡನ್ ಕಪಾಟಿನಲ್ಲಿವೆ. ರವಿವಾರ ಹತ್ತು ನಿಮಿಷ ಅವರೆದುರು ನಿಂತು ಮಾತಾಡಬಹುದು. ಮೂರು ರವಿವಾರದಿಂದ ನಿನ್ನ ಫೋನು ಬಂದ್. ಪಕ್ಕದ ಮನೆ ಗಣಪಿ ಅಕ್ಕನಿಗೆ ಮಾಡಿದರೆ, "ನಿನ್ನ ಅಮ್ಮನ ಫೋನು ನೀರಿಗೆ ಬಿತ್ತಂತೆ. ಅಮ್ಮ ಈಗ ಮನೇಲೂ ಇಲ್ಲ. ನಾ ಎಂತ ಮಾಡೂದು?" ಎಂದು ಇಟ್ಟುಬಿಟ್ಟಳು. ಊರಿನ ಸುದ್ದಿಯನ್ನೆಲ್ಲ ನಾಲಿಗೆಯ ಮೇಲೆ ಇಟ್ಟುಕೊಂಡಿರುವ ಗಣಪಿ ಅಕ್ಕ ಎರಡು ಮಾತಿಗೆ ಫೋನು ಇಡುವುದೆಂದರೆ ನನಗೆ ಸೋಜಿಗವೇ ಆಯಿತು.

ಈಗ ಕೆಲಸದ ಮಾತು. ನೀನು ಮೀನಿನ ಬುಟ್ಟಿ ಹೊತ್ತು ಹೋಗುವ ಶಿರಾಲಿಯ ದಾರಿಯಲ್ಲಿ ಹನ್ನೆರಡು ಖಾಯಂ ಮನೆಗಳಿವೆಯಲ್ಲ, ಅವನ್ನು ಸಾಲಾಗಿ ಬರೆದು ಕಳಿಸು. ಬರೀ ಹೆಸರು ಸಾಲದು. ಯಾವ ಬಾಗಿಲಿಗೆ ಹೋಗುತ್ತೀ, ಯಾರು ಹೊರಗೆ ಬರುತ್ತಾರೆ, ಏನು ಹೇಳುತ್ತಾರೆ, ಎಲ್ಲ ಬೇಕು. ಸಣ್ಣವಳಿದ್ದಾಗ ನಿನ್ನ ಜೊತೆ ನಡೆದದ್ದು ನೆನಪಿದೆ, ಆದರೆ ನಡುವೆ ಕಲಸಿಹೋಗುತ್ತದೆ. ಒಂದು ಮನೆಯೂ ಹಿಂದೆಮುಂದೆ ಆಗಬಾರದು. ಜನವರಿ ಹದಿಮೂರರ ಒಳಗೆ ಬೇಕು. ಯಾಕೆ ಎಂದು ಮಾತ್ರ ಈಗ ಕೇಳಬೇಡ.

ಓದು ನಡೆದಿದೆ. ಮೊದಲನೆಯ ಟೆಸ್ಟು ಆಯಿತು, ಪರವಾಗಿಲ್ಲ. ಮಾಬ್ಲ ಮಾವನಿಗೂ ಹಾಗೆಯೇ ಹೇಳು.

ನಿನ್ನ ಮಗಳು
ದೀಕ್ಷಾ


ಶಿರಾಲಿ
14 ಡಿಸೆಂಬರ್ 2024, ಶನಿವಾರ

ದೀಕ್ಷಾ,

ನಿನ್ನ ಪತ್ರ ಓದಿದೆ. ಇನ್ನೊಂದು ಸಲ ಓದಿದೆ. ನಾನು ಏಳನೆಯ ಇಯತ್ತೆ ಕಲಿತವಳು. ಅಕ್ಷರ ನಿಧಾನ, ಬುದ್ಧಿ ನಿಧಾನ ಅಲ್ಲ.

ನೀನು ಆರನೆಯ ಇಯತ್ತೆಯಲ್ಲಿದ್ದಾಗ ಒಂದು ಬೆಳಿಗ್ಗೆ ಜಗಲಿಯ ಮೇಲೆ ನಿಂತು, "ನಾ ಇನ್ನು ಬುಟ್ಟಿ ಸಂಗಡ ಬರೂದಿಲ್ಲ, ಶಾಲೆಲಿ ಎಲ್ಲ ನಗಾಡ್ತರು" ಅಂದಿದ್ದೆ. ಆತು ಅಂದೆ. ಆಮೇಲೆ ಇಷ್ಟು ವರ್ಷ ಯಾವ ಮನೆ, ಯಾವ ಮೀನು ಎಂದು ನೀನು ಕೇಳಿದವಳಲ್ಲ. ಈಗ ಯಾವ ಬಾಗಿಲು, ಯಾರು ಹೊರಗೆ ಬರುತ್ತಾರೆ ಎಂದು ಕೇಳುತ್ತೀ. ಯಾಕೆ ಎಂದು ಕೇಳಬೇಡ ಎನ್ನುತ್ತೀ. ಕಿವಿರು ಎತ್ತಿ ನೋಡದೆ ಮೀನು ತಾಜಾ ಎಂದು ನಂಬುವ ಅಭ್ಯಾಸ ನನಗಿಲ್ಲ.

ಕೇಳಿದ್ದು ಬರೆಯುತ್ತೇನೆ. ಮೊದಲು ಕೃಷ್ಣಾನಂದ ಮಾಮನ ಮನೆ. ಆಮೇಲೆ ಪಾಂಡುವಿನ ತಾಯಿ. ಆಮೇಲೆ ಸಂತೋಷ, ಮಹಡಿ ಮನೆ, ಅಣ್ಣತಮ್ಮಂದಿರ ಮೂರು ಒಲೆಯ ಮನೆ, ಕಿಟಕಿ ಮನೆ, ಸಂಜಯನ ಹೆಂಡತಿ, ಕಿವುಡ ಮಾಸ್ತಿ. ಅಲ್ಲಿಂದ ಶುಕ್ರನ ಮನೆ, ದುಂಡು ಕಂಬದ ಜಗಲಿಯ ಮನೆ, ಕೊನೆಗೆ ಗಣಪಿ. ಮುಗಿಯಿತು.

ಫೋನು ನೀರಿಗೆ ಬಿದ್ದದ್ದು ಹೌದು. ಸದ್ಯ ಹೊಸದು ಬೇಡ. ರಸ್ತೆ ಕೆಲಸದ ಧೂಳು ಬಹಳ, ಊರಿಗೆ ಬರುವ ಯೋಚನೆ ಮಾಡಬೇಡ. ಮಾಬ್ಲ ಭಟ್ಕಳದಿಂದ ಬಂದಿದ್ದ. "ಒಂದು ವರ್ಷ ನೋಡುವಾ. ಫೇಲಾದ್ರೆ ಮದುವೆ ಮಾಡಿ ಮುಗಿಸೂದು" ಎಂದು ಹೇಳಿ ಹೋದ. ನೆನಪಿರಲಿ.

ಅಮ್ಮ


ಕುಮಟಾ
20 ಡಿಸೆಂಬರ್ 2024

ಅಮ್ಮಾ,

ನೀನು ಬರೆದದ್ದು ಹನ್ನೊಂದು ಮನೆ. ಮೂರು ಸಲ ಎಣಿಸಿದೆ. ದಾಸನ ಮನೆ ಎಲ್ಲಿ? ಬಾವಿ ಇರುವ ಮನೆ, ನೀನು ದಿನಾ ಬುಟ್ಟಿ ಇಳಿಸದೆ ನಿಂತಲ್ಲೇ ನೀರು ಕುಡಿಯುವ ಮನೆ. ನನ್ನ ನೆನಪಿನಲ್ಲಿ ಅದು ಮಾಸ್ತಿಯ ಮನೆ ಆದ ಮೇಲೆ ಬರುತ್ತದೆ. ಉಳಿದದ್ದು ಹೇಗಾದರೂ ಇರಲಿ, ಈ ಮನೆ ಯಾವಾಗ ಬರುತ್ತದೆ ಎಂದು ನನಗೆ ಖಚಿತ ಬೇಕು. ಹಗಲಿರುಳು ಅದೇ ತಲೆಯಲ್ಲಿ ಕುಳಿತಿದೆ.

ಇನ್ನೊಂದು ಕೇಳಬೇಕಿತ್ತು. ಯಾವ ಮನೆಗೆ ಯಾವ ಮೀನು, ಯಾರಿಗೆ ಯಾವ ವಾರ ಒಪ್ಪತ್ತು, ಯಾರ ಮನೆಗೆ ನೆಂಟರು ಬರುತ್ತಾರೆ, ಇದನ್ನೆಲ್ಲ ಒಂದು ಚೀಟಿಯೂ ಇಲ್ಲದೆ ಹೇಗೆ ಇಟ್ಟುಕೊಳ್ಳುತ್ತೀ? ಸುಮ್ಮನೆ ಕೇಳಿದೆ.

ನಿನ್ನ ಲಕೋಟೆಯ ಮೇಲೆ ಶಿರಾಲಿಯ ಸೀಲು ಇಲ್ಲ, ಹೊನ್ನಾವರದ್ದು ಇದೆ. ಯಾಕೆ?

ದೀಕ್ಷಾ


ಶಿರಾಲಿ
28 ಡಿಸೆಂಬರ್ 2024, ಶನಿವಾರ

ದೀಕ್ಷಾ,

ಹನ್ನೆರಡರಲ್ಲಿ ಒಂದು ಬಿಟ್ಟರೆ ನಿನಗೆ ಕಂಡದ್ದು ಅದೇ. ಒಳ್ಳೆಯದು.

ದಾಸನ ಮನೆಗೆ ಈಗ ನಾನು ಎಲ್ಲದಕ್ಕಿಂತ ಕೊನೆಗೆ ಹೋಗುತ್ತೇನೆ, ಗಣಪಿಯ ಮನೆಯೂ ಆದ ಮೇಲೆ. ಹೊರಗೇ ನಿಂತು ಕೊಟ್ಟು ಬರುತ್ತೇನೆ. ಹನ್ನೆರಡನೆಯದು ಎಂದೇ ಬರೆದುಕೋ.

ಹೇಗೆ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದ್ದೀ. ಇದನ್ನು ಈ ತನಕ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿ ತುಂಬಿಸಿ ಬಾಳೆಎಲೆ ಮುಚ್ಚಿದ ಮೇಲೆ, ಎಲೆ ಎತ್ತದೆ ಹೇಳಿಕೊಳ್ಳುತ್ತೇನೆ. ಮೇಲೆ ಬಂಗಡೆ, ಕೆಳಗೆ ನೊಗಲಿ, ಇಂಥವರಿಗೆ ಇಷ್ಟು ಎಂದು. ನೋಡಿಕೊಂಡು ಹೇಳುವುದು ಹೇಳಿದ ಹಾಗಲ್ಲ, ಕಣ್ಣು ಹೇಳಿಕೊಡುತ್ತದೆ. ಮನೆಗೆ ಬಂದು ಕೈಕಾಲು ತೊಳೆಯುವಾಗ ಇನ್ನೊಂದು ಸಲ ಇಡೀ ದಾರಿ ಬಾಯಲ್ಲೇ ನಡೆಯುತ್ತೇನೆ. ಎಲ್ಲಿ ತಡವರಿಸಿತೋ ಮಾರನೆಯ ದಿನ ಅಲ್ಲಿಂದಲೇ ಶುರು. ತಡವರಿಸದೆ ಬಾಯಿಗೆ ಬರುವ ಮನೆಯನ್ನು ನೂರು ಸಲ ಹೇಳಿ ಎಂತ ಮಾಡುವುದು? ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ. ಆಮೇಲೆ ಅದು ಎಲ್ಲಿಗೂ ಹೋಗುವುದಿಲ್ಲ.

ಹೊನ್ನಾವರದ ಚಿಕ್ಕಮ್ಮನಿಗೆ ಮೈ ಸರಿಯಿರಲಿಲ್ಲ, ನೋಡಲು ಹೋಗಿದ್ದೆ. ಅದಕ್ಕೆ ಆ ಸೀಲು. ಹೊಸವರ್ಷದ ರಜೆಗೆ ಬರಬೇಡ. ಅಲ್ಲೇ ಕುಳಿತು ಓದು.

ಅಮ್ಮ


ಕುಮಟಾ
19 ಜನವರಿ 2025, ರವಿವಾರ

ಅಮ್ಮನಿಗೆ,

ಎರಡನೆಯ ಟೆಸ್ಟು ಮುಗಿಯಿತು.

ನಿನ್ನ ಎರಡು ಪತ್ರಗಳನ್ನೂ ಮುಂದಿಟ್ಟುಕೊಂಡು ಕುಳಿತಿದ್ದೇನೆ. ಎರಡರ ಮೇಲೂ ಶಿರಾಲಿ ಎಂದು ಬರೆದಿದ್ದೀ, ಎರಡಕ್ಕೂ ಹೊನ್ನಾವರದ ಸೀಲು, ಎರಡೂ ಶನಿವಾರದ್ದು. ನನ್ನ ಕೋಣೆಯ ಧನ್ಯಾ ಹೊನ್ನಾವರದವಳು. ಚಿಕ್ಕಮ್ಮನ ಮನೆ ಅವಳಿಗೆ ಗೊತ್ತು. ಅವಳು ರಜೆಗೆ ಹೋದಾಗ ಚಿಕ್ಕಮ್ಮ ಪೇಟೆಯಲ್ಲಿ ಕಂಡಳಂತೆ. ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಬಸ್ಸಿಗೆ ಓಡುತ್ತಿದ್ದಳಂತೆ. ಮೈ ಸರಿಯಿಲ್ಲದವರು ಹಾಗೆ ಓಡುವುದಿಲ್ಲ.

ಫೋನು ಬಂದ್. ಊರಿಗೆ ಬರಬೇಡ ಎನ್ನುತ್ತೀ. ವಾರ ವಾರ ಹೊನ್ನಾವರಕ್ಕೆ ಹೋಗುತ್ತೀ. ಮಾವ ಮದುವೆಯ ಮಾತೆತ್ತಿದ್ದಾನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಉಳಿದವರಿಗೂ ಕಾಣುವುದಿಲ್ಲವೇ? ಹೊನ್ನಾವರದಲ್ಲಿ ಯಾವ ಹುಡುಗನನ್ನು ನೋಡಿಟ್ಟಿದ್ದೀರಿ? ಬೋಟಿನವನೋ, ಅಂಗಡಿಯವನೋ? ನನಗೆ ಹೇಳುವುದು ಯಾವಾಗ, ಬಾಸಿಂಗ ಕಟ್ಟಿದ ಮೇಲೋ?

ದೀಕ್ಷಾ


ಶಿರಾಲಿ
25 ಜನವರಿ 2025, ಶನಿವಾರ

ದೀಕ್ಷಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹುಡುಗನ ಮಾತು ಎತ್ತಿದ್ದು ನೀನು. ಎತ್ತಿದ ಮೇಲೆ ನಾನೂ ಹೇಳುತ್ತೇನೆ.

ಮೊದಲನೆಯ ಪತ್ರದಲ್ಲಿ ದಾಸನ ಮನೆಯನ್ನು ನಾನು ಬೇಕೆಂದೇ ಬಿಟ್ಟೆ. ಹನ್ನೆರಡು ಮನೆಗಳಲ್ಲಿ ಮದುವೆಯಾಗದ ಹುಡುಗ ಇರುವುದು ಆ ಒಂದು ಮನೆಯಲ್ಲಿ. ದಾಸನ ಮಗ ಹರೀಶ. ನಿನ್ನ ಕಣ್ಣು ಎಲ್ಲಿದೆ ಎಂದು ನೋಡಬೇಕಿತ್ತು. ಮರುಟಪಾಲಿಗೇ ಉತ್ತರ ಬಂತು, ದಾಸನ ಮನೆ ಎಲ್ಲಿ, ಖಚಿತ ಬೇಕು, ಹಗಲಿರುಳು ತಲೆಯಲ್ಲಿ ಕುಳಿತಿದೆ. ಇದನ್ನು ಓದಿದ ತಾಯಿ ಎಂತ ತಿಳಿಯಬೇಕು?

ಯಾವ ಬಾಗಿಲು, ಯಾರು ಹೊರಗೆ ಬರುತ್ತಾರೆ, ಏನು ಹೇಳುತ್ತಾರೆ. ನನ್ನನ್ನೇ ಓಲೆಕಾರ್ತಿಯನ್ನಾಗಿ ಮಾಡಿದೆಯಲ್ಲ. ಹುಡುಗ ಕೆಟ್ಟವನೆಂದು ನಾನು ಹೇಳುವುದಿಲ್ಲ. ಆದರೆ ನಿನ್ನನ್ನು ಕುಮಟೆಗೆ ಕಳಿಸಿದ್ದು ಓದಲಿಕ್ಕೆ. ನಿನ್ನ ಅಪ್ಪ ಹೋದ ಮೇಲೆ ನಾನು ಬುಟ್ಟಿ ಹೊತ್ತದ್ದು ನೀನು ಹೊರಬಾರದು ಎಂದು. ಮನಸ್ಸಿನಲ್ಲಿ ಇರುವುದನ್ನು ಸೀದಾ ಬರೆ. ನನಗೆ ಕೇಳುವ ಧೈರ್ಯ ಇದೆ.

ಅಮ್ಮ


ಕುಮಟಾ
30 ಜನವರಿ 2025

ಅಮ್ಮಾ,

ನಿನ್ನ ಪತ್ರ ಓದಿ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಈಗ ಎರಡೂ ಇಲ್ಲ, ಅಳು ಮಾತ್ರ ಇದೆ. ಹರೀಶನ ಮುಖ ನನಗೆ ಸರಿಯಾಗಿ ನೆನಪೂ ಇಲ್ಲ. ನೆನಪಿರುವುದು ಅವರ ಬಾವಿ.

ನಿಜ ಹೇಳುತ್ತೇನೆ, ಪೂರ್ತಿ ಓದು. ನನಗೆ ಓದಿದ್ದು ನಿಲ್ಲುವುದಿಲ್ಲ. ಒಂದೊಂದು ಪಾಠ ಹತ್ತು ಸಲ ಓದಿದೆ. ಮುಖ್ಯ ಸಾಲುಗಳಿಗೆ ಹಳದಿ ಪೆನ್ನು ಎಳೆದೆ, ಕೊನೆಗೆ ಹಳದಿಯಾಗದ ಸಾಲೇ ಉಳಿಯಲಿಲ್ಲ. ಓದುವಾಗ ಎಲ್ಲ ಗೊತ್ತಿದೆ ಎನಿಸುತ್ತದೆ, ಪುಸ್ತಕ ಮುಚ್ಚಿದರೆ ಖಾಲಿ. ಮೊದಲನೆಯ ಟೆಸ್ಟಿನಲ್ಲಿ ಪರವಾಗಿಲ್ಲ ಅಂದೆನಲ್ಲ, ಐವತ್ತಕ್ಕೆ ಹದಿನಾಲ್ಕು ಬಂದಿತ್ತು. ಪಾಸಾಗಲು ಇಪ್ಪತ್ತೈದು ಬೇಕು.

ನಮ್ಮ ಅಮಿತಾ ಮೇಡಂ ಒಂದು ಉಪಾಯ ಹೇಳಿದರು. ನೆನಪಿಡಬೇಕಾದ್ದನ್ನು ಚೆನ್ನಾಗಿ ಗೊತ್ತಿರುವ ಜಾಗದಲ್ಲಿ ಒಂದೊಂದಾಗಿ ಇಡಬೇಕಂತೆ. ಮನೆಯ ಬಾಗಿಲಲ್ಲಿ ಒಂದು, ಪಡಸಾಲೆಯಲ್ಲಿ ಒಂದು, ಕೋಣೆಯಲ್ಲಿ ಒಂದು. ಪರೀಕ್ಷೆಯಲ್ಲಿ ಮನಸ್ಸಿನಲ್ಲೇ ನಡೆದುಕೊಂಡು ಹೋಗಿ ಹೆಕ್ಕಿಕೊಳ್ಳುವುದು. ಎಲ್ಲರೂ ಅವರವರ ಮನೆಯಲ್ಲಿ ಇಟ್ಟರು. ಧನ್ಯಾಳ ಮನೆಯಲ್ಲಿ ಒಂಬತ್ತು ಕೋಣೆ. ನಮ್ಮಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮಿದುಳಿನಿಂದ ಹೊರಡುವ ನರಗಳು ಹನ್ನೆರಡು. ಅವನ್ನು ಎಲ್ಲಿ ಇಡಲಿ?

ಆಗ ನಿನ್ನ ದಾರಿ ನೆನಪಾಯಿತು, ಹನ್ನೆರಡು ಮನೆ. ಮೊದಲನೆಯ ನರ ವಾಸನೆಯದು, ಮೂಸಿ ನೋಡದೆ ಮೀನು ತೆಗೆದುಕೊಳ್ಳದ ಕೃಷ್ಣಾನಂದ ಮಾಮ. ಎಂಟನೆಯದು ಕಿವಿಯದು, ಕಿವುಡ ಮಾಸ್ತಿ. ಒಂಬತ್ತನೆಯದು ಗಂಟಲಿನದು, ನೀನು ನೀರು ಕುಡಿಯುವ ದಾಸನ ಬಾವಿ. ಹನ್ನೆರಡನೆಯದು ನಾಲಿಗೆಯದು, ಗಣಪಿ ಅಕ್ಕನಲ್ಲದೆ ಇನ್ಯಾರು? ಹೀಗೆ ಕೂಡಿಸಿ ಇಟ್ಟಿದ್ದೆ. ನೀನು ದಾಸನ ಮನೆ ಕೊನೆಗೆ ಎಂದೆ. ನನ್ನ ನೆನಪಿಗಿಂತ ನಿನ್ನ ನೆನಪು ಗಟ್ಟಿ ಎಂದು ನಂಬಿ ಗಂಟಲನ್ನು ಕೊನೆಗೆ ತಂದೆ, ಅದರ ನಂತರದ ಮೂರನ್ನು ಒಂದೊಂದು ಹೆಜ್ಜೆ ಮೊದಲಿಗೆ ಸರಿಸಿದೆ. ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕೂ ತಪ್ಪು. ಇಪ್ಪತ್ತೆರಡು ಬಂತು. ಮಾರ್ಚ್ ಹತ್ತಕ್ಕೆ ಮೂರನೆಯ ಟೆಸ್ಟು. ಅದರಲ್ಲೂ ಹೋದರೆ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ.

ಯಾಕೆ ಎಂದು ಹೇಳದೆ ಇದ್ದದ್ದು ಹದಿನಾಲ್ಕು ಅಂಕದ ನಾಚಿಕೆಗೆ ಮಾತ್ರ ಅಲ್ಲ. ಇಲ್ಲಿ ಎಲ್ಲರಿಗೂ ನಾನು ನಮ್ಮದು ಬೋಟು ಇದೆ ಎಂದು ಹೇಳಿದ್ದೇನೆ. ಬುಟ್ಟಿಯ ಮಾತು ಯಾರಿಗೂ ಗೊತ್ತಿಲ್ಲ. ನಿನ್ನ ಬುಟ್ಟಿಯನ್ನು ಮುಚ್ಚಿಟ್ಟು, ಅದೇ ಬುಟ್ಟಿಯ ದಾರಿಯಲ್ಲಿ ಪಾಠ ಇಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಸರಿಯಾದ ದಾರಿ ಬರೆದು ಕಳಿಸು, ಅಮ್ಮ. ಹೊನ್ನಾವರದ್ದೂ ಬರೆ.

ದೀಕ್ಷಾ


ಕುಮಟಾ
12 ಫೆಬ್ರವರಿ 2025

ಅಮ್ಮಾ,

ಇದನ್ನು ಹೊನ್ನಾವರಕ್ಕೆ, ಚಿಕ್ಕಮ್ಮನ ಮನೆಗೆ ಕಳಿಸುತ್ತಿದ್ದೇನೆ. ಯಾಕೆ ಎಂದು ನಿನಗೆ ಈಗಾಗಲೇ ಅರ್ಥವಾಗಿರಬೇಕು.

ನಿನ್ನೆ ಆರೋಗ್ಯ ಶಿಬಿರಕ್ಕೆ ನಮ್ಮನ್ನು ಕಾಲೇಜಿನ ಬಸ್ಸಿನಲ್ಲಿ ಭಟ್ಕಳಕ್ಕೆ ಕರೆದೊಯ್ದರು. ಕಾಯ್ಕಿಣಿ ದಾಟುತ್ತಲೇ ಕಿಟಕಿಗೆ ಮುಖ ಇಟ್ಟು ಕುಳಿತೆ. ಶಿರಾಲಿ ಬರುವಾಗ ಹನ್ನೆರಡು ಮನೆಗಳನ್ನು ಕಣ್ಣಿನಲ್ಲೇ ನಡೆಯೋಣ ಎಂದುಕೊಂಡೆ. ಮೊದಲನೆಯ ಮನೆ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಊರು ತಪ್ಪಿತೇನೋ ಎಂದು ಬೋರ್ಡು ನೋಡಿದೆ.

ವಾಪಸ್ಸು ಬರುವಾಗ ಅಮಿತಾ ಮೇಡಂ ಹತ್ತಿರ ಬೇಡಿಕೊಂಡು ಕಾಲು ಗಂಟೆ ಇಳಿದೆ. ಹೆದ್ದಾರಿ ಅಗಲ ಮಾಡಲು ಕೆಡವಿದ್ದಾರೆ, ಬದಿಯ ಒಂಬತ್ತು ಮನೆಗಳಲ್ಲಿ ಆರು ಇಲ್ಲ. ಉಳಿದ ಮೂರಕ್ಕೆ ಜಗಲಿ ಕತ್ತರಿಸಿ ಹೋಗಿ ಗೋಡೆಯ ಇಟ್ಟಿಗೆ ಕಾಣುತ್ತಿದೆ. ದಾಸನ ಮನೆ ಇದ್ದಲ್ಲಿ ಬಾವಿ ಒಂದೇ ಉಳಿದಿದೆ, ಮೇಲೆ ಸಿಮೆಂಟಿನ ಹಲಗೆ ಮುಚ್ಚಿದ್ದಾರೆ. ನೀನು ಹೊರಗೇ ನಿಂತು ಮೀನು ಕೊಟ್ಟು ಬರುತ್ತೇನೆ ಎಂದು ಬರೆದ ಮನೆ ಅದು. ನಮ್ಮ ಮನೆಗೆ ಬೀಗ.

ಗಣಪಿ ಅಕ್ಕ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ಕಂಡು ಕಸಬರಿಗೆ ಕೆಳಗಿಟ್ಟಳು. "ನಿನ್ನ ಅಮ್ಮ ಇಲ್ಲಿ ಎಲ್ಲಿ ಇರ್ತದೆ? ಮನೆ ಕೆಡವಿದ ಮೇಲೆ ಯಾರಿಗೆ ಮಾರೂದು? ಇದ್ದವರೂ ಮೈಕು ಹಾಕಿಕೊಂಡು ಬರೂ ಗಾಡಿಲಿ ತಕೊಳ್ತರು. ಅದು ಹೊನ್ನಾವರದ ಶೆಡ್ಡಲ್ಲಿ ಸಿಗಡಿ ಸುಲೀತದೆ. ಶುಕ್ರವಾರ ರಜೆ, ಆವಾಗ ಬರೂದು, ನಿನ್ನ ಪತ್ರ ಓದೂದು, ಶನಿವಾರ ಹೋಗೂದು. ನಂಗೆ ಎಂತ ಹೇಳಬೇಡ ಅಂತ ಆಣೆ ಹಾಕಿಸಿತ್ತು. ಈಗ ನೀನೇ ಬಂದು ನೋಡ್ದೆ, ನಾ ಹೇಳಿದ್ದಲ್ಲ." ಆಮೇಲೆ ಕುಡಿಯಲು ನೀರು ಕೊಟ್ಟಳು. ತಂಬಿಗೆ ಕೆಳಗಿಟ್ಟು ಬಸ್ಸಿಗೆ ಓಡಿದೆ.

ನನಗೆ ಗಂಡು ಹುಡುಕುತ್ತಿದ್ದೀಯೆಂದು ಸಂಶಯಪಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಂಡೆ. ಆದರೆ ನೀನು? ಇಲ್ಲದ ದಾರಿಯನ್ನು ಇದೆ ಎಂದು ಬರೆದೆ. ಕೆಡವಿದ ಮನೆಯನ್ನು ಒಂಬತ್ತರಿಂದ ಹನ್ನೆರಡಕ್ಕೆ ಎತ್ತಿಟ್ಟೆ. ಇನ್ನು ನಿನ್ನ ಯಾವ ಮಾತನ್ನು ನಂಬಲಿ? ಈಗ ಕಣ್ಣು ಮುಚ್ಚಿ ಕೃಷ್ಣಾನಂದ ಮಾಮನ ಬಾಗಿಲಿಗೆ ಹೋದರೆ ಧೂಳು ಮತ್ತು ಸಿಮೆಂಟಿನ ಪೈಪು ಕಾಣುತ್ತದೆ. ಹನ್ನೆರಡು ನರಗಳೂ ಹೋದವು. ಟೆಸ್ಟಿಗೆ ಇನ್ನು ಇಪ್ಪತ್ತಾರು ದಿನ.

ದೀಕ್ಷಾ


ಹೊನ್ನಾವರ
15 ಫೆಬ್ರವರಿ 2025, ಶನಿವಾರ

ದೀಕ್ಷಾ, ಮಗಾ,

ಈ ಸಲ ಮೇಲೆ ಹೊನ್ನಾವರ ಎಂದೇ ಬರೆದಿದ್ದೇನೆ. ಸೀಲಿಗೂ ಇದಕ್ಕೂ ತಾಳೆ ನೋಡಿಕೋ.

ಜನವರಿಯ ನಿನ್ನ ಪತ್ರ ಹೋದ ಶುಕ್ರವಾರವೇ ಓದಿದ್ದೆ. ಮೂರು ಸಲ ಹಾಳೆ ತೆಗೆದೆ. ಮೂರು ಸಲವೂ ಮಡಚಿಟ್ಟೆ. ಇಷ್ಟು ವರ್ಷದಲ್ಲಿ ಒಂದು ಮನೆಗೂ ಹಳಸಿದ ಮೀನು ಕೊಟ್ಟವಳಲ್ಲ ನಾನು. ನಿನಗೆ ಕೊಟ್ಟೆ. ದಾಸನ ಮನೆ ಕೊನೆಗೆ ಎಂದು ಬರೆದದ್ದು ನೀನು ಏನು ಹೇಳುತ್ತೀ ನೋಡುವಾ ಎಂದು. ನಿನ್ನ ಅಂಕ ಹೋಗುತ್ತದೆಂದು ನನಗೆ ಕನಸು ಬಿದ್ದಿತ್ತೇ? ನನ್ನ ಸಂಶಯಕ್ಕೆ ನಿನ್ನ ಪರೀಕ್ಷೆ ಹಾಳಾಯಿತು. ಈ ಸಂಕಟ ನನಗೆ ಹೋಗುವುದಿಲ್ಲ.

ಫೋನು ನೀರಿಗೆ ಬಿದ್ದಿಲ್ಲ. ಶೆಡ್ಡಿನಲ್ಲಿ ಮಂಜುಗಡ್ಡೆ ಒಡೆಯುವ ಮಿಷನ್ನು ರವಿವಾರವೂ ಓಡುತ್ತದೆ. ಅದರ ಶಬ್ದ ಕೇಳಿದರೆ ನೀನು ಸುಮ್ಮನೆ ಬಿಡುವವಳಲ್ಲ. ನವೆಂಬರಿನಲ್ಲಿ ಮನೆಗಳು ಹೋದವು ಎಂದು ಹೇಳಿದ್ದರೆ ನೀನು ಓದು ಬಿಟ್ಟು ಬರುತ್ತಿದ್ದೆ, ಮಾಬ್ಲ ಸೀದಾ ಗಂಡು ನೋಡಲು ಹೋಗುತ್ತಿದ್ದ. ಅದಕ್ಕೆ ಬಾಯಿ ಮುಚ್ಚಿದೆ. ಬೋಟು ಇದೆ ಎಂದು ಹೇಳಿದ್ದಕ್ಕೆ ನಾನು ಬೈಯುವುದಿಲ್ಲ. ಓದುವಾಗ ಬೇಸರವಾಯಿತು, ಅದು ಸುಳ್ಳಲ್ಲ.

ಈಗ ದಾರಿಯ ಮಾತು. ನೀನು ಹೋಯಿತು ಎನ್ನುತ್ತೀ. ಇಲ್ಲಿ ಬೆಳಿಗ್ಗೆ ಆರರಿಂದ ಸಿಗಡಿ ಸುಲಿಯುವಾಗ ಕೈಗೆ ಕೆಲಸ ಇದೆ, ಬಾಯಿಗೆ ಇಲ್ಲ. ನಾನು ದಿನಾ ಆ ದಾರಿಯನ್ನು ಬಾಯಲ್ಲೇ ನಡೆಯುತ್ತೇನೆ. ಒಂದು ದಿನವೂ ಬಿಟ್ಟಿಲ್ಲ. ಯಾಕೆ ಎಂದು ನನಗೂ ಗೊತ್ತಿರಲಿಲ್ಲ, ಇನ್ನು ಯಾರಿಗೆ ಬೇಕು ಎಂದು ಎಷ್ಟೋ ಸಲ ಅನಿಸಿದೆ. ನಿನಗೆ ಬೇಕಾಯಿತಲ್ಲ. ಹಾಗಾದರೆ ಪುಸ್ತಕ ಮುಚ್ಚು, ನನ್ನ ಸೆರಗು ಹಿಡಿ, ಬಾ.

ಕೃಷ್ಣಾನಂದ ಮಾಮ ಮೆಟ್ಟಿಲಿನ ಮೇಲೆ ನಿಂತಿದ್ದಾನೆ. ಬಂಗಡೆಯ ಕಿವಿರು ಎತ್ತಿ ಮೂಸುತ್ತಾನೆ, ಮೂಸಿದ ಮೇಲೆ ಮಾತು. ಅಲ್ಲಿಂದ ಪಾಂಡುವಿನ ತಾಯಿ, ದಪ್ಪ ಕನ್ನಡಕ, ಮೀನನ್ನು ಮುಖದ ಹತ್ತಿರ ಹಿಡಿದು ನೋಡುತ್ತಾಳೆ. ಮೂರನೆಯವನು ಸಂತೋಷ, ಎಂಟು ಗಂಟೆಗೂ ರೆಪ್ಪೆ ಎತ್ತದವನು. ಮಹಡಿ ಮನೆಯವಳು ಮೇಲಿನಿಂದ ಕೆಳಗೆ ಇಣುಕಿ ದರ ಕೇಳುತ್ತಾಳೆ, ಇಳಿದು ಬರುವುದಿಲ್ಲ. ಐದನೆಯದು ಮೂರು ಒಲೆಯ ಮನೆ, ಒಂದು ಅಂಗಳ, ಮೂರು ಬಾಗಿಲು. ಕಿಟಕಿ ಮನೆಯವಳು ನನ್ನನ್ನು ಬಿಟ್ಟು ಬದಿಯ ಮನೆಗೆ ಎಂತ ಕೊಟ್ಟೆ ಎಂದು ಓರೆಗಣ್ಣಿನಲ್ಲಿ ನೋಡುತ್ತಾಳೆ. ಸಂಜಯನ ಹೆಂಡತಿ ಮುಖ ಸಿಂಡರಿಸದೆ ತಾರ್ಲೆ ಮೀನು ತೆಗೆದುಕೊಂಡವಳಲ್ಲ. ಮಾಸ್ತಿಗೆ ಬೆರಳು ತೋರಿಸಿ ಹೇಳಬೇಕು. ಒಂಬತ್ತನೆಯದು ದಾಸನ ಬಾವಿ. ಸರಿಯಾಗಿ ಬರೆದಿದ್ದೇನೆ, ಒಂಬತ್ತು. ಹಗ್ಗ ಎಳೆದು ತಂಬಿಗೆ ಎತ್ತಿ ಕೊಡುತ್ತಾರೆ, ನೀರು ತಣ್ಣಗೆ ಗಂಟಲಿನಲ್ಲಿ ಇಳಿಯುತ್ತದೆ. ಹತ್ತು ಶುಕ್ರ, ಮನೆಯಲ್ಲಿ ಇರುವವನೇ ಅಲ್ಲ, ಊರೆಲ್ಲ ಅಲೆಯುತ್ತಾನೆ. ಹನ್ನೊಂದು ದುಂಡು ಕಂಬದ ಜಗಲಿ, ಅಲ್ಲಿ ಬುಟ್ಟಿ ಇಳಿಸಿ ಹೆಗಲು ತಿಕ್ಕಿಕೊಳ್ಳುತ್ತೇನೆ. ಹನ್ನೆರಡು ಗಣಪಿ, ಅವಳ ನಾಲಿಗೆ ನಿನಗೆ ಗೊತ್ತು. ಅಲ್ಲಿಂದ ನಮ್ಮ ಮನೆ.

ಈ ಪತ್ರವನ್ನು ನೋಡಿಕೊಂಡು ಹೇಳಬೇಡ. ಒಂದು ಸಲ ಓದಿ ಪೆಟ್ಟಿಗೆಯಲ್ಲಿ ಹಾಕು. ಹೇಳಿ ನೋಡು. ತಪ್ಪಿದ ಮನೆಯಿಂದ ಮತ್ತೆ ಹೊರಡು. ನಾಲ್ಕು ದಿನ ಬಿಟ್ಟು, ವಾರ ಬಿಟ್ಟು.

ನಿನ್ನ ಅಮ್ಮ


ಕುಮಟಾ
16 ಮಾರ್ಚ್ 2025, ರವಿವಾರ

ಪ್ರೀತಿಯ ಅಮ್ಮನಿಗೆ,

ನಲವತ್ತೊಂದು.

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ, ಆದರೆ ನೀನು ನಂಬುವವಳಲ್ಲ. ಇಲ್ಲಿಯೂ ಯಾರೂ ನಂಬಲಿಲ್ಲ. ಬರೆಯುವಾಗ ನನ್ನ ತುಟಿ ಅಲುಗುತ್ತಿತ್ತಂತೆ, ಎಡಗೈ ಸೆರಗು ಹಿಡಿದವರ ಹಾಗೆ ಮುಷ್ಟಿ ಕಟ್ಟಿತ್ತಂತೆ. ಅಮಿತಾ ಮೇಡಂ ಬಂದು ಅಂಗೈ ಬಿಡಿಸಿ ನೋಡಿದರು, ಪೆನ್ನಿನ ಡಬ್ಬಿ ತೆರೆಸಿದರು. ಏನೂ ಸಿಗಲಿಲ್ಲ. ಹದಿನಾಲ್ಕು, ಇಪ್ಪತ್ತೆರಡು, ಒಮ್ಮೆಲೇ ನಲವತ್ತೊಂದು ಎಂದರೆ ಅವರಿಗೂ ಸಂಶಯ ಬರದೆ ಇರುತ್ತದೆಯೇ? ನಿನ್ನೆ ಎಲ್ಲರೆದುರು ನಿಲ್ಲಿಸಿ, "ಹಾಗಾದ್ರೆ ಬಾಯಲ್ಲಿ ಹೇಳು" ಎಂದರು.

ಹೇಳಿದೆ. ಒಂದರಿಂದ ಹನ್ನೆರಡು, ಮತ್ತೆ ಹನ್ನೆರಡರಿಂದ ಒಂದು. ಊರೆಲ್ಲ ಅಲೆಯುವ ಶುಕ್ರ ಹತ್ತನೆಯ ಅಲೆಮಾರಿ ನರವಾದ, ನೀನು ಹೆಗಲು ತಿಕ್ಕಿಕೊಳ್ಳುವ ಜಗಲಿ ಹನ್ನೊಂದನೆಯ ಹೆಗಲಿನ ನರವಾಯಿತು. ನಡುವೆ ಒಮ್ಮೆ ಗಂಟಲಿನ ನರ ಎನ್ನುವ ಬದಲು ದಾಸನ ಬಾವಿ ಎಂದುಬಿಟ್ಟೆ. ಎಲ್ಲರೂ ನಕ್ಕರು. ಧನ್ಯಾ ಕೇಳಿದಳು, "ಎಂತದೇ ಅದು? ಯಾರ ಬಾವಿ?"

ನಾನು ಹೇಳಿದೆ, "ನಮ್ಮ ಅಮ್ಮ ಬುಟ್ಟಿಲಿ ಮೀನು ಮಾರೂ ದಾರಿಲಿ ಇದ್ದ ಬಾವಿ. ನಮ್ಮದು ಬೋಟು ಇಲ್ಲ. ನಾ ಸುಳ್ಳು ಹೇಳಿದ್ದೆ."

ಯಾರೂ ನಗಲಿಲ್ಲ. ಹೇಗೆ ಕಲಿತೆ ಎಂದು ಎಲ್ಲರಿಗೂ ತಿಳಿಸಿ ಹೇಳು ಎಂದರು ಮೇಡಂ. ಎಲೆ ಎತ್ತದೆ ಬುಟ್ಟಿಯ ಮೀನು ಹೇಳುವ ನಿನ್ನ ಕ್ರಮವನ್ನು ವಿವರಿಸಿದೆ.

ವರ್ಷದ ಪರೀಕ್ಷೆಗೆ ಕೂರಬಹುದು. ಮಾವನಿಗೆ ನೀನೇ ಹೇಳು, ನಿನ್ನ ಬಾಯಿಂದ ಕೇಳಲಿ. ಮುಂದಿನ ಪಾಠ ಮೂಳೆಗಳದ್ದು. ಒಂದು ಕೈಯಲ್ಲೇ ಇಪ್ಪತ್ತೇಳು ಇವೆ. ಶಿರಾಲಿಯ ಹನ್ನೆರಡು ತುಂಬಿಹೋಗಿವೆ. ನಿನಗೆ ಬೇರೆ ಯಾವುದಾದರೂ ದಾರಿ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆ.

ದೀಕ್ಷಾ


ಕಾಯ್ಕಿಣಿ
21 ಮಾರ್ಚ್ 2025, ಶುಕ್ರವಾರ

ದೀಕ್ಷಾ,

ಇದನ್ನು ಕಾಯ್ಕಿಣಿಯಲ್ಲಿ ಒಂದು ಅಂಗಡಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇಲ್ಲಿಯದೇ ಡಬ್ಬಿಗೆ ಹಾಕುತ್ತೇನೆ. ಸೀಲು ನೋಡಿಕೋ.

ನಿನ್ನ ಪತ್ರ ಬುಧವಾರ ಬಂತು. ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮಾಬ್ಲನಿಗೆ ಫೋನು ಮಾಡಿದೆ, ಹೌದು, ಆನ್ ಮಾಡಿದ್ದೇನೆ. "ನಲವತ್ತೊಂದಾ? ಐವತ್ತಕ್ಕಾ?" ಎಂದು ಎರಡು ಸಲ ಕೇಳಿದ. ಆಮೇಲೆ, "ಆತು, ಓದಲಿ" ಎಂದ.

ಬೇರೆ ದಾರಿ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆಯಲು ಕುಳಿತೆ, ಮನಸ್ಸು ಬರಲಿಲ್ಲ. ಇವತ್ತು ರಜೆ. ಬೆಳಿಗ್ಗೆ ಅಟ್ಟದಿಂದ ಬುಟ್ಟಿ ಇಳಿಸಿ ತೊಳೆದೆ, ಬಂದರಿಗೆ ಹೋಗಿ ಬಂಗಡೆ ತುಂಬಿಸಿಕೊಂಡು ಇಲ್ಲಿಗೆ ಬಂದೆ. ಇದು ಒಳದಾರಿ, ಮೈಕಿನ ಗಾಡಿ ಇಲ್ಲಿಗೆ ಇನ್ನೂ ಬರುವುದಿಲ್ಲವಂತೆ. ಹತ್ತೊಂಬತ್ತು ಮನೆ ನಡೆದೆ. ಏಳು ಮನೆಯವರು ತೆಗೆದುಕೊಂಡರು, ಒಬ್ಬಳು ಮುಂದಿನ ಶುಕ್ರವಾರವೂ ಬಾ ಎಂದಳು. ನಿನಗೆ ಇಪ್ಪತ್ತೇಳು ಬೇಕು, ಇನ್ನೂ ಎಂಟು ಕಡಿಮೆ. ಹೊಸ ದಾರಿ, ಮೊಣಕಾಲು ಹಳೆಯದು.

ಮನೆಗಳನ್ನು ಸಾಲಾಗಿ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಯಾವ ಬಾಗಿಲು, ಯಾರು ಹೊರಗೆ ಬಂದರು, ಎಂತ ಹೇಳಿದರು, ಎಲ್ಲ ಇದೆ. ಏಳನೆಯ ಮನೆಯಲ್ಲಿ ಮದುವೆಯಾಗದ ಹುಡುಗನಿದ್ದಾನೆ. ಆ ಮನೆಯನ್ನು ಬಿಟ್ಟಿಲ್ಲ, ಏಳನೆಯದಾಗಿಯೇ ಬರೆದಿದ್ದೇನೆ.

ಅಮ್ಮ